ಕಣ್ಣಿಗೆ ಕಂಡ ಹೊಲಸು, ಕಣ್ಣಿಗೆ ಕಾಣದ ಹೊಲಸು

ಐರಣಿ ಎಂದರೆ ಹೊಳೆಮಠ ನೆನಪಾಗುತ್ತದೆ, ಹಳೆಯ ಕೋಟೆ ನೆನಪಾಗುತ್ತದೆ. ಪಕ್ಕದಲ್ಲೇ ಹರಿಯುವ ತುಂಗಭದ್ರೆಯ ಕಳೆದ ಐವತ್ತು ವರ್ಷದ ಕಥೆ ಮಾತ್ರ ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಆ ಕಥೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ನಾವು ದೂರು ಕೊಟ್ಟವರು. ಎರಡನೆಯದರಲ್ಲಿ ದೂರು ನಮ್ಮ ಮೇಲೇ ಇದೆ.

ಐರಣಿಗಿಂತ ಮೇಲೆ, ಇದೇ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಮರದಿಂದ ಕೃತಕ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ ಅದು. ಬಹಳ ಜನರಿಗೆ ಕೆಲಸ ಸಿಕ್ಕಿತು. ಕೊಳೆನೀರು ಹೊಳೆ ಸೇರಿತು. ಮರದ ಕೊಳೆ ನೀರಿನಲ್ಲಿ ಕೊಳೆಯುವಾಗ ನೀರೊಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ. 1980ರ ದಶಕದಲ್ಲಿ ಮೀನು ಸತ್ತು ತೇಲುತ್ತಿವೆ, ನೀರು ಕುಡಿಯಲು ಬರುತ್ತಿಲ್ಲ ಎಂದು ಕೆಳಗಿನ ಊರುಗಳ ಜನ ಎದ್ದರು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಜೊತೆಗೆ ನಿಂತಿತು. ಧರಣಿ ನಡೆಯಿತು, ಕೋರ್ಟಿಗೂ ಹೋಯಿತು. ಹೊಲಸು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ಯಾರ ಮೇಲೆ ಬೆರಳು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಎರಡನೆಯ ಹೊಲಸಿಗೆ ಬಣ್ಣವಿಲ್ಲ. ಅದು ಬಂದದ್ದು ಚೀಲದಲ್ಲಿ.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದ. ಇಂದಿನ ಯೂರಿಯಾದ ಮೂಲ ಅದೇ. ಹಸಿರು ಕ್ರಾಂತಿಯ ಜೊತೆ ಅದು ನಮ್ಮ ಹೊಲಕ್ಕೂ ಬಂತು. ಹತ್ತಿ, ಮೆಣಸಿನಕಾಯಿ, ಈಗ ಗೋವಿನಜೋಳ, ಯಾವುದೂ ಅದಿಲ್ಲದೆ ನಡೆಯದಂತಾಯಿತು. ಎಷ್ಟರ ಮಟ್ಟಿಗೆಂದರೆ, 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು. ಇಬ್ಬರು ರೈತರು ಜೀವ ಕಳೆದುಕೊಂಡರು. ಗೊಬ್ಬರದ ಬೆಲೆ ಏನೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಷ್ಟು ಬೆಲೆ ತೆತ್ತ ಗೊಬ್ಬರ ಎಲ್ಲಿಗೆ ಹೋಗುತ್ತದೆ? 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಜಗತ್ತಿನ ಲೆಕ್ಕ ನೋಡಿದರೆ, ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದರಲ್ಲಿ ಸ್ವಲ್ಪ ಗಾಳಿಗೆ ಹೋಗುತ್ತದೆ, ಸ್ವಲ್ಪ ಮಳೆನೀರಿನಲ್ಲಿ ಕರಗಿ ಹಳ್ಳ ಹಿಡಿದು ಹೊಳೆ ಸೇರುತ್ತದೆ. ಡಿಎಪಿಯ ರಂಜಕ ಕೊಚ್ಚಿಹೋದ ಮಣ್ಣಿನ ಜೊತೆ ಹೋಗುತ್ತದೆ. ಊರಿನ ಚರಂಡಿ ನೀರೂ ಇದಕ್ಕೆ ಸೇರುತ್ತದೆ.

ನಮ್ಮ ಹೊಳೆ ಮುಂದೆ ತುಂಗಭದ್ರಾ ಜಲಾಶಯಕ್ಕೆ ಹೋಗಿ ನಿಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ನೀರು ಹಸಿರಾಗಿದ್ದನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಅದು ಪಾಚಿ. ಬೆಳೆಗೆ ಹಾಕಿದ ಗೊಬ್ಬರ ಪಾಚಿಗೂ ಗೊಬ್ಬರವೇ. ಪಾಚಿ ಬೆಳೆದು, ಸತ್ತು, ಕೊಳೆಯುವಾಗ ಮತ್ತೆ ಆಮ್ಲಜನಕ ಖಾಲಿ. ಕಾರ್ಖಾನೆಯ ಕೊಳೆ ಮೀನಿಗೆ ಮಾಡಿದ್ದನ್ನೇ ಇದೂ ಮಾಡುತ್ತದೆ, ಸದ್ದಿಲ್ಲದೆ.

ಒಡ್ಡುಗಳಲ್ಲಿ ತಂಗಿ ಉಳಿದ ನೀರು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಸೇರುತ್ತದೆ. ನದಿಗಳು ತರುವ ಗೊಬ್ಬರ ಹೆಚ್ಚಾದರೆ ಕಡಲಿಗೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶದ ಉದಾಹರಣೆ ಇದೆ. ದಂಡೆಯ ಹತ್ತಿರ ಆಳವಿಲ್ಲದ ಕಡಲಲ್ಲಿ ಹುಲ್ಲು ಬೆಳೆಯುತ್ತದೆ. ಪಾಚಿಯಲ್ಲ, ಬೇರು, ಹೂವು ಇರುವ ನಿಜವಾದ ಹುಲ್ಲು. ಸೀಗಡಿ, ಏಡಿ, ಮೀನಿನ ಮರಿಗಳಿಗೆ ಅದೇ ತೊಟ್ಟಿಲು. ಕಡಲಹಸುವಿಗೆ ಅದೇ ಮೇವು. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಇಂಥ ಹುಲ್ಲುಗಾವಲಿದೆ. ಕಡಲಹಸುವಿಗಾಗಿ 2022ರಲ್ಲಿ ಅಲ್ಲಿ 448 ಚದರ ಕಿಲೋಮೀಟರ್ ಮೀಸಲಿಟ್ಟರು. ನೀರಿನಲ್ಲಿ ಗೊಬ್ಬರ ಹೆಚ್ಚಾದರೆ ಮೇಲೆ ಪಾಚಿ ಕವಿಯುತ್ತದೆ. ಬಿಸಿಲು ತಳಕ್ಕೆ ಇಳಿಯುವುದಿಲ್ಲ. ಹುಲ್ಲು ಸಾಯುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಇದೇ ಆಯಿತು. ಇಂಡಿಯನ್ ರಿವರ್ ಎಂಬ ಹಿನ್ನೀರಿನಲ್ಲಿ ಪಾಚಿ ಕವಿದು ಹುಲ್ಲು ಹೋಯಿತು. 2021ರಲ್ಲಿ ಫ್ಲಾರಿಡಾದಲ್ಲಿ ಸಾವಿರಕ್ಕೂ ಹೆಚ್ಚು ಕಡಲಹಸುಗಳು ಸತ್ತವು, ಬಹಳಷ್ಟು ಮೇವಿಲ್ಲದೆ. ಕೊನೆಗೆ ಸರ್ಕಾರವೇ ಸೊಪ್ಪು ತಂದು ಹಾಕಿತು. ಬರಗಾಲದಲ್ಲಿ ಗೋಶಾಲೆ ನೋಡಿದ ನಮಗೆ ಆ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಚರಂಡಿ ನೀರು ಶುದ್ಧ ಮಾಡಿ, ಸಾರಜನಕ ತಗ್ಗಿಸಿದ್ದಕ್ಕೆ, 2014ರ ಹೊತ್ತಿಗೆ ಹುಲ್ಲು 1950ರ ದಶಕದಲ್ಲಿದ್ದಷ್ಟು ಮರಳಿತು. ಆಮೇಲೆ ಮತ್ತೆ ಒಂದಿಷ್ಟು ಕಳೆದುಕೊಂಡರು. ಎಂದರೆ, ಕೆಟ್ಟ ನೀರು ಸುಧಾರಿಸುತ್ತದೆ, ಕೈಬಿಟ್ಟರೆ ಮತ್ತೆ ಕೆಡುತ್ತದೆ.

ಐರಣಿಯ ಯೂರಿಯಾ ನೇರವಾಗಿ ಕಡಲಹಸು ಕೊಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ನಡುವೆ ಎಷ್ಟೋ ಅಣೆಕಟ್ಟು, ಎಷ್ಟೋ ಊರು ಇವೆ. ಗೊಬ್ಬರ ಬಿಡಿ ಎಂದೂ ಹೇಳುತ್ತಿಲ್ಲ. ಹೊಳೆಗೆ ಹೋದ ಪ್ರತಿ ಹಿಡಿ ಯೂರಿಯಾ ನಿಮ್ಮ ರೊಕ್ಕ, ನಿಮ್ಮ ಬೆಳೆಗೆ ಸಿಗದೆ ಹೋದದ್ದು. ಮಣ್ಣು ಪರೀಕ್ಷೆ ಮಾಡಿಸಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ತಾಲ್ಲೂಕಿನಲ್ಲೇ ಇದೆ. ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ. ಜೋರು ಮಳೆಯ ಮುಂಚೆ ಹಾಕಬೇಡಿ. ಬದುವಿನಲ್ಲಿ ಹುಲ್ಲು ಬಿಡಿ.

ನಲವತ್ತು ವರ್ಷದ ಹಿಂದೆ ಈ ದಂಡೆಯ ಜನ ಕಾರ್ಖಾನೆಯ ಬಾಗಿಲಲ್ಲಿ ನಿಂತು ಹೊಳೆಯ ಲೆಕ್ಕ ಕೇಳಿದ್ದರು. ಈಗ ಆ ಲೆಕ್ಕ ನಮ್ಮ ಹೊಲದ ಬದುವಿನಲ್ಲೂ ಕೇಳಬೇಕಾಗಿದೆ.