ಬಳ್ಳಿಗಾವಿ: ವಿದ್ಯೆಯ ಊರೊಂದರ ಬಾಳುವೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಹಳ್ಳಿ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಮಠ, ಬಸದಿ, ವಿಹಾರ, ಅಗ್ರಹಾರಗಳು ಒತ್ತೊತ್ತಾಗಿ ನೆಲೆಸಿದ್ದ ವಿದ್ಯೆಯ ಊರು. ಅದನ್ನು ಕುರಿತ ಬರಹಗಳು ಬಹುಮಟ್ಟಿಗೆ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳ ಶಿಲ್ಪವನ್ನೂ ಗಂಡಭೇರುಂಡ ಸ್ತಂಭವನ್ನೂ ವರ್ಣಿಸಿ ಮುಗಿಯುತ್ತವೆ. ಆ ಊರಿನಲ್ಲಿ ಓದುವವನೂ ಓದದವನೂ ಹೇಗೆ ಬದುಕುತ್ತಿದ್ದರು ಎಂಬ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ಅದಕ್ಕೆ ಉತ್ತರ ಹುಡುಕಲು ನೆರವಾಗುವುದು ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕ ಏಳನೆಯ ಸಂಪುಟದ ಶಿಕಾರಿಪುರ 102ನೆಯ ಶಾಸನ.

ಕ್ರಿ. ಶ. 1162ರ ಈ ಶಾಸನ ಕಳಚುರಿ ಬಿಜ್ಜಳನ ಕಾಲದ್ದು. ದಕ್ಷಿಣದ ಪ್ರದೇಶವನ್ನು ಅಂಕೆಗೆ ತರಲು ಬಂದ ಅರಸು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದಾಗ ಕೋಡಿಯಮಠಕ್ಕೆ ದತ್ತಿ ನೀಡಿದನು. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯಮಠವೆಂದು ಹೆಸರಾದ ಇದು ಕಾಳಾಮುಖ ಶೈವರ ಕೇಂದ್ರ. ದಕ್ಷಿಣಕೇದಾರೇಶ್ವರ ಅದರ ಅಧಿದೈವ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರು ತಲೆಮಾರುಗಳ ಕಾಲ ಅದನ್ನು ನಡೆಸಿದರು. ಶಾಸನಕವಿ ಮಠವನ್ನು ವರ್ಣಿಸುವಾಗ 'ಇದು ಇಂಥ ಸ್ಥಾನ, ಇದು ಇಂಥ ಸ್ಥಾನ' ಎಂದು ಒಂದರ ಮೇಲೊಂದು ಪದವಿಯನ್ನು ಏರಿಸುತ್ತ ಹೋಗುತ್ತಾನೆ. ನಾಲ್ಕು ವೇದಗಳ ಅಧ್ಯಯನ, ವ್ಯಾಕರಣಗಳ ವ್ಯಾಖ್ಯಾನ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧಾದಿ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ, ನಾಟ್ಯ ಇವೆಲ್ಲಕ್ಕೂ ಅದು ಸ್ಥಾನ. ಪ್ರಾಚೀನ ವಿದ್ಯಾಭ್ಯಾಸವನ್ನು ಕುರಿತ ಪುಸ್ತಕಗಳು ಈ ಭಾಗವನ್ನು ಮಾತ್ರ ಎತ್ತಿಕೊಂಡು ಪಠ್ಯಕ್ರಮವೆಂದು ಬಳಸುವುದುಂಟು.

ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಉಸಿರಿನಲ್ಲಿ, ಅದೇ 'ಸ್ಥಾನ' ಎಂಬ ಪದದೊಡನೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಬರುತ್ತಾರೆ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಹೊಗಳುಭಟರು, ನರ್ತಕರು ಬರುತ್ತಾರೆ. ಬಟ್ಟೆಯಿಲ್ಲದವರು, ಅಂಗ ಮುರಿದವರು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು, ನಾನಾ ದೇಶದ ಭಿಕ್ಷುಕರು ಬರುತ್ತಾರೆ. ಇವರೆಲ್ಲರಿಗೂ ಅನಿವಾರಿತವಾಗಿ ಅನ್ನ. ಮುಂದೆ, ನೋಡುವವರಿಲ್ಲದ ರೋಗಿಗಳಿಗೆ ಆಶ್ರಯ ಮತ್ತು ಚಿಕಿತ್ಸೆ. ಕೊನೆಗೆ, ಸಕಲ ಜೀವಿಗಳಿಗೂ ಅಭಯ. ವ್ಯಾಕರಣ ಓದುವ ಜಾಗವೂ ಕುರುಡನಿಗೆ ಊಟ ಬಡಿಸುವ ಜಾಗವೂ ಶಾಸನಕವಿಯ ದೃಷ್ಟಿಯಲ್ಲಿ ಒಂದೇ ಸಂಸ್ಥೆ. ಊರಿನ ಬಾಳುವೆಯನ್ನು ಕುರಿತು ಈ ಶಾಸನ ಹೇಳುವ ಮುಖ್ಯ ಸಂಗತಿ ಇದು.

ಪಟ್ಟಿಯ 'ಕ್ಷಪಣಕ' ಶಬ್ದ ಜೈನ ಓದುಗರನ್ನು ತಡೆದು ನಿಲ್ಲಿಸುತ್ತದೆ. ದಿಗಂಬರ ಮುನಿಯ ಆಹಾರವಿಧಿ ಕಠಿಣವಾದುದು. ಶ್ರಾವಕನು ನವಧಾ ಭಕ್ತಿಯಿಂದ ಎದುರುಗೊಂಡು ನೀಡಿದ ಆಹಾರವನ್ನು ನಿಂತು ಕರಪಾತ್ರದಲ್ಲಿ ಸ್ವೀಕರಿಸುವ ಮುನಿ ಸಾರ್ವಜನಿಕ ಅನ್ನಸತ್ರದ ಪಂಕ್ತಿಯಲ್ಲಿ ಕುಳಿತುಣ್ಣುವುದು ಸಂಭವನೀಯವಲ್ಲ. ಶಾಸನಕವಿ ಹೊರಗಿನಿಂದ ನೋಡಿ ಬರೆದಿದ್ದಾನೆ ಎಂದೇ ತೋರುತ್ತದೆ. ಹಾಗಿದ್ದರೂ ಶೈವಮಠವೊಂದರ ಹೊಗಳಿಕೆಯಲ್ಲಿ, ಬಾಗಿಲು ತೆರೆದಿರಬೇಕಾದವರ ಸಾಲಿನಲ್ಲಿ, ಅವನಿಗೆ ಕ್ಷಪಣಕನನ್ನು ಬಿಡಲಾಗಲಿಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ವ್ಯಾಕರಣಗಳ ಸಾಲಿನಲ್ಲಿದೆ: ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ. ಪಾಣಿನಿ ಹೆಸರಿಸುವ ಪ್ರಾಚೀನ ಶಾಕಟಾಯನನ ಕೃತಿ ಉಳಿದುಬಂದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ವ್ಯಾಖ್ಯಾನಕ್ಕೆ ದೊರೆಯುತ್ತಿದ್ದ ಶಾಕಟಾಯನವೆಂದರೆ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಜೈನ ಯತಿ ಪಾಲ್ಯಕೀರ್ತಿಯ ವ್ಯಾಕರಣ. ಅದಕ್ಕೆ ಅವನೇ ಬರೆದ ವೃತ್ತಿಗೆ ಅರಸನ ನೆನಪಿನಲ್ಲಿ ಅಮೋಘವೃತ್ತಿ ಎಂದು ಹೆಸರು. ರೈಸ್ ತಮ್ಮ ಅನುವಾದದಲ್ಲಿ ಶಾಕಟಾಯನ, ಶಬ್ದಾನುಶಾಸನ ಎಂಬ ಎರಡು ಪದಗಳನ್ನು ಬೇರೆಬೇರೆ ಕೃತಿಗಳೆಂದು ಬಿಡಿಸಿದ್ದಾರೆ. ಆದರೆ ಶಬ್ದಾನುಶಾಸನ ಎಂಬುದು ಪಾಲ್ಯಕೀರ್ತಿಯ ಗ್ರಂಥದ್ದೇ ಹೆಸರು. ಎರಡನ್ನೂ ಕೂಡಿಸಿ ಓದುವುದು ಹೆಚ್ಚು ಸಹಜ. ಬೇರೆ ಕೃತಿಯೆಂದೇ ಹಿಡಿದರೆ ಗುಜರಾತಿನ ಹೇಮಚಂದ್ರನ ಶಬ್ದಾನುಶಾಸನ ನೆನಪಾಗುತ್ತದೆ, ಅವನೂ ಜೈನನೇ. ದರ್ಶನಗಳ ಸಾಲಿನಲ್ಲಿ ಬೌದ್ಧದ ಹೆಸರಿದೆ, ಜೈನದ ಹೆಸರಿಲ್ಲ. ಅದು 'ಆದಿ'ಯಲ್ಲಿ ಅಡಗಿದೆ. ಜೈನ ದರ್ಶನವನ್ನು ಹೆಸರಿಸಲು ಹಿಂಜರಿದ ಮಠ ಜೈನನ ವ್ಯಾಕರಣವನ್ನು ಮಾತ್ರ ಬಿಡಲಿಲ್ಲ.

ಇದನ್ನು ಸೌಹಾರ್ದದ ಚಿತ್ರವೆಂದು ಬಣ್ಣಿಸುವುದು ಅವಸರವಾದೀತು. ಇದೇ ಊರಿನ ಪಂಚಲಿಂಗ ದೇವಾಲಯದ ಕಾಳಾಮುಖ ಬ್ರಹ್ಮಚಾರಿ ಸ್ಥಾನಕ್ಕೆ ಚಾಲುಕ್ಯ ಜಯಸಿಂಹನು 1036ರಲ್ಲಿ ದತ್ತಿ ಕೊಟ್ಟ ಶಾಸನ ಅಲ್ಲಿಯ ಲಕುಲೀಶ್ವರ ಪಂಡಿತನನ್ನು ಬೌದ್ಧಸಮುದ್ರಕ್ಕೆ ಬಡಬಾಗ್ನಿ ಎನ್ನುತ್ತದೆ. ಅಕಳಂಕ, ವಾದೀಭಸಿಂಹ, ವಾದಿರಾಜರಂತಹ ಜೈನ ತಾರ್ಕಿಕರ ಹೆಸರು ಹಿಡಿದು ಅವರನ್ನು ಗೆದ್ದವನೆಂದು ಕೊಂಡಾಡುತ್ತದೆ. ಅಕಳಂಕನು ಅವನಿಗಿಂತ ಶತಮಾನಗಳ ಹಿಂದಿನವನು. ವಾದಿರಾಜನಾದರೋ 1025ರಲ್ಲಿ ಪಾರ್ಶ್ವನಾಥಚರಿತವನ್ನು ಮುಗಿಸಿದ, ಅದೇ ಜಯಸಿಂಹನ ಆಸ್ಥಾನದಲ್ಲಿ ಮನ್ನಣೆ ಪಡೆದ ಸಮಕಾಲೀನ. ಒಬ್ಬನೇ ಅರಸನ ನೆರಳಿನಲ್ಲಿ ಇಬ್ಬರು ಪಂಡಿತರು. ಇಬ್ಬರ ಪ್ರಶಸ್ತಿಗಳಲ್ಲಿಯೂ ಗೆದ್ದವರು ಅವರವರೇ! ಎದುರಾಳಿಯನ್ನು ಗೆಲ್ಲಬೇಕಾದವನು ಎದುರಾಳಿಯ ಗ್ರಂಥವನ್ನು ಓದಲೇಬೇಕು. ಪಾಲ್ಯಕೀರ್ತಿ ಕೋಡಿಯಮಠವನ್ನು ಹೊಕ್ಕ ದಾರಿ ಇದೂ ಆಗಿರಬಹುದು.

ಈ ಪೈಪೋಟಿಯ ನಡುವೆಯೇ ಊರು ಬೆಳೆಯಿತು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಜಯಂತಿಪ್ರಬುದ್ಧ ವಿಹಾರವನ್ನು ಕಟ್ಟಿಸಿದನು. 1068ರಲ್ಲಿ, ಬನವಾಸಿಯನ್ನಾಳುತ್ತಿದ್ದ ಲಕ್ಷ್ಮಣನಿಗೆ ಅವನ ಅಧಿಕಾರಿ ಶಾಂತಿನಾಥನು ಬಿನ್ನಹ ಮಾಡಿಕೊಂಡು, ಮರದ ಶಾಂತಿನಾಥ ಬಸದಿಯನ್ನು ಕಲ್ಲಿನದಾಗಿಸಿದನು. ಈ ಶಾಂತಿನಾಥನೇ 'ಸುಕುಮಾರಚರಿತೆ'ಯ ಕವಿ. ಬಿನ್ನಹದ ತರ್ಕ ಸ್ವಾರಸ್ಯಕರವಾಗಿದೆ: ಜಿನ, ರುದ್ರ, ಬುದ್ಧ, ಹರಿ ಇವರ ಆಲಯಗಳಿಂದ ಈ ಊರು ಹೆಸರಾಗಿದೆ, ಆದ್ದರಿಂದ ಬಸದಿಯೂ ಕಲ್ಲಿನದಾಗಲಿ. ತನ್ನ ಧರ್ಮದ ಬೇಡಿಕೆಯನ್ನು ಅವನು ಊರಿನ ಕೀರ್ತಿಯ ಹೆಸರಿನಲ್ಲಿ ಮುಂದಿಟ್ಟನು.

ಪ್ರಶಸ್ತಿಯನ್ನು ದಿನಚರಿಯೆಂದು ಓದಬಾರದೆಂಬ ಎಚ್ಚರ ಇಲ್ಲಿಯೂ ಬೇಕು. ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ ವೇದ ಕಲಿಯುವವರು 200 ಮಂದಿ, ಸರಸ್ವತೀ ಭಂಡಾರಿಗರು 6 ಮಂದಿ ಎಂದು ಲೆಕ್ಕ ಕೊಡುತ್ತದೆ. ಕೋಡಿಯಮಠದ ವರ್ಣನೆಯಲ್ಲಿ ಇಂತಹ ಎಣಿಕೆಯಿಲ್ಲ. ದತ್ತಿಯ ಹೊಲದಲ್ಲಿ ಉತ್ತವನ, ಅಡುಗೆಮನೆಯಲ್ಲಿ ಬೆಂದವಳ ಮಾತಂತೂ ಇಲ್ಲವೇ ಇಲ್ಲ. ಆದರೂ ಹೊಗಳುವವನು ಯಾವುದನ್ನು ಹೊಗಳಿಕೆಗೆ ಯೋಗ್ಯವೆಂದು ಎಣಿಸಿದ ಎಂಬುದೇ ಇತಿಹಾಸಕಾರನಿಗೆ ಸಾಕ್ಷ್ಯ. ಆ ಕವಿಗೆ ವ್ಯಾಖ್ಯಾನಗಳ ಹೆಸರಷ್ಟೇ ಸಾಲದಾಗಿತ್ತು. ಕಿವುಡನೂ ರೋಗಿಯೂ ಬೇಕಾಗಿದ್ದರು.

ಕೇದಾರೇಶ್ವರ ಇಂದಿಗೂ ನಿಂತಿದೆ. ಮರದಿಂದ ಕಲ್ಲಿಗೆ ತಿರುಗಿದ ಶಾಂತಿನಾಥನ ಬಸದಿ ಉಳಿಯಲಿಲ್ಲ. ಉಳಿದದ್ದು ಅದನ್ನು ಕಟ್ಟಿಸಿದವನ ಕಾವ್ಯ.