ಕೌಲ್ ಬಜಾರಿನಲ್ಲಿ ಕೌಲು ಯಾರಿಗಿದೆ?

ಸಿರುಗುಪ್ಪ, ಕುರುಗೋಡು ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ದುಡಿಯಲು ಬಳ್ಳಾರಿಗೆ ಹೋಗುತ್ತಾರೆ. ಅವರಲ್ಲಿ ಹಲವರ ದಾರಿ ಮುಟ್ಟುವುದು ಕೌಲ್ ಬಜಾರಿಗೆ. ಆ ಹೆಸರಿನ ಅರ್ಥ ಮಾತ್ರ ನಮಗೆ ಮರೆತುಹೋಗಿದೆ. ಹಳೆಯ ಕಂದಾಯದ ಮಾತಿನಲ್ಲಿ ಕೌಲು ಅಂದರೆ ಕರಾರು, ಬರೆದುಕೊಟ್ಟ ಭರವಸೆ. ಬಂದು ನೆಲೆಸುವವರಿಗೆ ರಿಯಾಯಿತಿ ಕೊಟ್ಟು ಸರ್ಕಾರ ಇಂಥ ಪತ್ರ ಬರೆದುಕೊಡುತ್ತಿತ್ತು.

1800ರಲ್ಲಿ ನಿಜಾಮರು ಬಳ್ಳಾರಿಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಊರಿನಲ್ಲಿ ದೊಡ್ಡ ದಂಡು ಬೀಡುಬಿಟ್ಟಿತು. ಸೈನಿಕರಿಗೆ ದಿನಸಿ, ಬಟ್ಟೆ, ಚಪ್ಪಲಿ ಬೇಕಲ್ಲ? ವ್ಯಾಪಾರಿಗಳು, ದರ್ಜಿಗಳು, ಅಗಸರು ದಂಡಿನ ನೆರಳಲ್ಲಿ ಬದುಕು ಕಟ್ಟಿದರು. ಮುಂದೆ ದಂಡು ಖಾಲಿಯಾಯಿತು, ಗಿರಾಕಿಯೂ ಹೋದ. ಸೈನಿಕರ ಸಮವಸ್ತ್ರ ಹೊಲಿದ ಕೈಗಳೇ ಕೊನೆಗೆ ಜೀನ್ಸ್‌ಗೆ ತಿರುಗಿದವು ಎಂದು ಊರಲ್ಲಿ ಹೇಳುತ್ತಾರೆ.

ಎರಡನೆಯ ಸಲ ದೊಡ್ಡ ಗಿರಾಕಿ ಬಂದಿದ್ದು ಚೀನಾದಿಂದ. 2003ರ ನಂತರ ಅಲ್ಲಿ ಕಬ್ಬಿಣದ ಅದಿರಿಗೆ ಬೇಡಿಕೆ ಏರಿತು. ಹೊಲ ಮಾರಿ, ಸಾಲ ಮಾಡಿ ಲಾರಿ ಕೊಂಡವರು ನಮ್ಮ ಹಳ್ಳಿಗಳಲ್ಲೂ ಇದ್ದರು. ಚಾಲಕ, ಕ್ಲೀನರ್, ಪಂಕ್ಚರ್ ಅಂಗಡಿ, ಡಾಬಾ, ಗ್ಯಾರೇಜು, ಎಲ್ಲರಿಗೂ ಕೆಲಸ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು. ಆದರೆ ಗಣಿ ಧಣಿಯ ತಪ್ಪಿಗೆ ಕ್ಲೀನರ್ ಹುಡುಗನ ಅನ್ನವೂ ಹೋಯಿತು. ಕಂತು ಕಟ್ಟಲಾಗದ ಲಾರಿಗಳನ್ನು ಫೈನಾನ್ಸಿನವರು ಎಳೆದೊಯ್ದರು. 2012ರಲ್ಲಿ ಕೆಲವು ಗಣಿಗಳು ಮತ್ತೆ ತೆರೆದವು. ಆದರೆ ಇಷ್ಟೇ ಟನ್ ತೆಗೆಯಬೇಕು ಎಂಬ ಮಿತಿ ಬಿತ್ತು. ಹಳೆಯ ಭರಾಟೆ ತಿರುಗಿ ಬರಲಿಲ್ಲ.

ಈಗ ಉಳಿದಿರುವುದು ಜೀನ್ಸ್. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಹೊಲಿಯುತ್ತಾರೆ, ಇನ್ನೊಂದು ಕಡೆ ವಾಷಿಂಗ್, ಮತ್ತೊಂದು ಕಡೆ ಗುಂಡಿ, ಇಸ್ತ್ರಿ. ಕೂಲಿ ಪೀಸ್ ಲೆಕ್ಕ. ಈ ಸರಪಳಿಯಲ್ಲಿ ಒಂದು ಕೊಂಡಿ ನಿಂತರೆ ಎಲ್ಲವೂ ನಿಂತ ಹಾಗೆ. ಕರೆಂಟು ಹೋದರೆ ಮಷೀನು ನಿಲ್ಲುತ್ತದೆ. ಕೊಳಕು ನೀರಿನ ಕಾರಣಕ್ಕೆ ವಾಷಿಂಗ್ ಘಟಕ ಮುಚ್ಚಿದರೆ ಹೊಲಿಯುವವರೂ ಮನೆಗೆ. ಇತ್ತ ತುಂಗಭದ್ರಾ ಕಾಲುವೆಯ ಕೆಳಗೆ ಭತ್ತದ ಕೊಯ್ಲಿಗೆ ಯಂತ್ರ ಬಂದಿದೆ. ಊರಿಗೆ ಮರಳಿದರೆ ಅಲ್ಲೂ ಮೊದಲಿನಷ್ಟು ಕೂಲಿ ಇಲ್ಲ.

ಇಷ್ಟಾದರೂ ನಿರುದ್ಯೋಗದ ಅಂಕಿ ಯಾಕೆ ಸಣ್ಣದಾಗಿ ಕಾಣುತ್ತದೆ? ಕೇಂದ್ರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ವಾರಕ್ಕೆ ಎರಡು ದಿನ ಹೊಲಿದು ಐದು ದಿನ ಕೂತವರು ನಿರುದ್ಯೋಗಿಗಳ ಪಟ್ಟಿಗೆ ಸೇರುವುದಿಲ್ಲ. ಬಡವರು ಪೂರ್ತಿ ಖಾಲಿ ಕೂರುವುದಾದರೂ ಹೇಗೆ? ಏನು ಸಿಕ್ಕರೆ ಅದು ಮಾಡುತ್ತಾರೆ. ಹಾಗಾಗಿ ಲೆಕ್ಕಕ್ಕೆ ಸಿಗುವುದಿಲ್ಲ.

ದಂಡು, ಅದಿರು, ಜೀನ್ಸ್ ಮೂರರಲ್ಲೂ ನಾವು ಕಾಣುವುದು ಒಂದೇ. ಕೆಲಸ ಕೊಡುವ, ಕಿತ್ತುಕೊಳ್ಳುವ ನಿರ್ಧಾರ ಬೇರೆಲ್ಲೋ ಆಗುತ್ತದೆ. ದುಡಿದವರ ಕೈಯಲ್ಲಿ 'ನಾನು ಇಲ್ಲಿ ದುಡಿದೆ' ಎಂಬ ಕಾಗದ ಇರುವುದಿಲ್ಲ. ಅದಿಲ್ಲದೆ ಪರಿಹಾರ ಕೇಳುವುದು ಯಾವ ಆಧಾರದ ಮೇಲೆ?

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕಡ್ಡಾಯ ಎಂದು ಕೇಂದ್ರ ಸರ್ಕಾರ ಹೇಳಿದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಿಂದಲೇ ಇದೆ. ನಿಮ್ಮ ಮನೆಯವರು ಜೀನ್ಸ್ ಘಟಕದಲ್ಲಿದ್ದರೆ ಇವೆರಡನ್ನೂ ಕೇಳಿ. ಅದು ಸಿಗುವವರೆಗೆ ದಿನಕ್ಕೆಷ್ಟು ಪೀಸ್, ಎಷ್ಟು ಕೂಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನೂರು ವರ್ಷಗಳ ಹಿಂದೆ ವ್ಯಾಪಾರಿಯೇ ಬರಹದ ಭರವಸೆ ಇಲ್ಲದೆ ಬಂದು ನೆಲೆಸುತ್ತಿರಲಿಲ್ಲ. ದುಡಿಯುವವರು ಬಾಯಿ ಮಾತನ್ನು ನಂಬಿ ಯಾಕೆ ಬರಬೇಕು?