ದನಿಯಲ್ಲಿ ಬೆಳೆದ ಕವಿ: ಜೋಳದರಾಶಿ ದೊಡ್ಡನಗೌಡ

ಜೋಳದರಾಶಿ ದೊಡ್ಡನಗೌಡರನ್ನು (1910–1994) ಕವಿ, ಗಮಕಿ, ನಾಟಕಕಾರ, ನಟ ಎಂದು ಬಿಡಿಬಿಡಿಯಾಗಿ ಪರಿಚಯಿಸುವುದು ರೂಢಿ. ಈ ವಿಂಗಡಣೆ ಅವರ ವಿಷಯದಲ್ಲಿ ಸಲ್ಲದು. ಅವರ ಕವಿತ್ವ ರೂಪುಗೊಂಡದ್ದೇ ಕಾವ್ಯವನ್ನು ರಾಗವಾಗಿ ಓದುವ ಗಮಕದ ದನಿಯಲ್ಲಿ, ರಂಗದ ಮಾತಿನಲ್ಲಿ. ಅದಕ್ಕೆ ಕಾರಣವನ್ನು ಅವರ ನೆಲವಾದ ಬಳ್ಳಾರಿಯ ಭಾಷಾಸ್ಥಿತಿಯಲ್ಲಿ ಹುಡುಕಬೇಕು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ನಗರದ ರಂಗಭೂಮಿಯನ್ನು ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭಾ ಬೆಳೆಸಿದ್ದವು; ಎರಡರದೂ ಮುಖ್ಯವಾಗಿ ತೆಲುಗು ನಾಟಕ. ದೊಡ್ಡನಗೌಡರಿಗೆ ರಂಗಗುರುವಾದ ಬಳ್ಳಾರಿ ರಾಘವ (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದವರು. ಇಂಥಲ್ಲಿ ಕನ್ನಡ ಕಾವ್ಯ ಜನರನ್ನು ಮುಟ್ಟಲು ಅಚ್ಚಿನ ಪುಸ್ತಕಕ್ಕಿಂತ ಓದುವ ಕಂಠವೇ ಹತ್ತಿರದ ದಾರಿ. ಅಕ್ಷರ ಬಾರದವರಿಗೂ, ಮನೆಯಲ್ಲಿ ತೆಲುಗಾಡುವವರಿಗೂ ಕುಮಾರವ್ಯಾಸನನ್ನು ಮುಟ್ಟಿಸಬಲ್ಲದ್ದು ಗಮಕ.

ಗಮಕಿಯದು ಪರರ ಕಾವ್ಯದ ವಾಚನ, ಅದನ್ನು ಕವಿಯ ಸಾಧನೆಗೆ ಸೇರಿಸಬಾರದು ಎಂಬ ಆಕ್ಷೇಪವುಂಟು. ಹಗುರವಾದ ಆಕ್ಷೇಪವೇನಲ್ಲ. ಆದರೆ ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ನಡೆಯಲ್ಲಿ ಎಲ್ಲಿ ಪದ ಒಡೆಯಬೇಕು, ಮೂರನೆಯ, ಆರನೆಯ ಸಾಲುಗಳ ನೀಳವನ್ನು ಯಾವ ಭಾವಕ್ಕೆ ಬಳಸಬೇಕು ಎಂಬುದನ್ನು ನಿರ್ಧರಿಸುವವನು ಗಮಕಿಯೇ. ಅದು ಅರ್ಥನಿರ್ಣಯದ ಕೆಲಸ, ಬರಿಯ ಗಾಯನವಲ್ಲ. ಇಷ್ಟು ಪಳಗಿದ ಕಿವಿ ಸ್ವಂತ ವಚನ, ನಾಟಕ ಬರೆಯುವಾಗ ಸುಮ್ಮನಿರುತ್ತದೆಂದು ನಂಬುವುದು ಕಷ್ಟ. ತೆಲುಗಿನ ಒಡನಾಟ ಅವರ ಕನ್ನಡವನ್ನು ತೆಳುಮಾಡಿತೆಂಬ ಶಂಕೆಗೂ ಹುರುಳಿಲ್ಲ. 1926ರಲ್ಲಿ ಫ. ಗು. ಹಳಕಟ್ಟಿಯವರ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ಸೇರಿದ್ದು ಇದೇ ಬಳ್ಳಾರಿಯಲ್ಲಿ. ತೆಲುಗಿನ ಮಗ್ಗುಲಲ್ಲೇ ಇಲ್ಲಿ ಕನ್ನಡದ ಎಚ್ಚರವೂ ಮೊನಚಾಯಿತು. ಆಂಧ್ರ ರಾಜ್ಯ ರಚನೆಯ ಹೊತ್ತಿನಲ್ಲಿ, ಆಗ ಕುರುಗೋಡನ್ನೂ ಒಳಗೊಂಡಿದ್ದ ಬಳ್ಳಾರಿ ತಾಲ್ಲೂಕು ಯಾರಿಗೆಂಬ ವಿವಾದ ಅದನ್ನು ಪರಿಶೀಲಿಸಿದ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯವರೆಗೆ ಹೋಯಿತು. ಕೊನೆಗೆ ಆ ತಾಲ್ಲೂಕೂ ಸಿರುಗುಪ್ಪವೂ ಮೈಸೂರಿಗೆ ಬಂದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಂಥ ಗಡಿಯಲ್ಲಿ ತೆಲುಗು ಬಲ್ಲ ಕನ್ನಡ ಗಮಕಿ ಎರಡೂ ಕಡೆಯ ಕೇಳುಗರಿಗೆ ಬೇಕಾದವನು.

ಬಳ್ಳಾರಿಯ ರಂಗಮಂದಿರವೊಂದಕ್ಕೆ ದೊಡ್ಡನಗೌಡರ ಹೆಸರಿದೆ. ಅಷ್ಟು ಸಾಲದು. ಕುರುಗೋಡು, ಸಿರುಗುಪ್ಪದ ಹಳ್ಳಿಗಳಲ್ಲಿ ಅವರ ವಾಚನ ಕೇಳಿದ ಹಿರಿಯರಿದ್ದರೆ ಅವರ ನೆನಪುಗಳನ್ನು ಸ್ಥಳೀಯ ಸಂಶೋಧಕರು ಈಗಲೇ ದಾಖಲಿಸಬೇಕು.